ಫೇಸ್ ವಾಶ್ ಒಳ್ಳೆಯದೇ, ತೂಕದ್ದೇ ತಕರಾರು: ಎಣ್ಣೆ ಮುಖದವನ ಹದಿನಾರು ತಿಂಗಳು

ಮಂಡಿಯ ಚೀಟಿ ಪುಸ್ತಕದಲ್ಲಿ ಕಾರ್ಬನ್ ಕೆಳಗೆ ಒಂದು ಗುಲಾಬಿ ಹಾಳೆ ಬರುತ್ತದೆ, ತೀರಾ ತೆಳು. ಮಧ್ಯಾಹ್ನ ಊಟಕ್ಕೆ ಏಳುವ ಮೊದಲು ಅದನ್ನು ಮುಖಕ್ಕೆ ಒತ್ತಿ ತೆಗೆದರೆ ನನ್ನ ಮೂಗು, ಹಣೆ, ಗಲ್ಲ ಎಲ್ಲಾ ಅದರಲ್ಲಿ ಮೂಡುತ್ತಿತ್ತು. ಬೋಂಡಾ ಕಟ್ಟಿಕೊಟ್ಟ ಪೇಪರ್ ಹೇಗಾಗುತ್ತದೆ ನೋಡಿ, ಆಚೆ ಬದಿಯ ಅಕ್ಷರ ಓದುವಷ್ಟು, ಹಾಗೆ. ಹಮಾಲರ ಹುಡುಗನೊಬ್ಬ ಅದನ್ನು ಬೆಳಕಿಗೆ ಹಿಡಿದು "ಅಣ್ಣಾ, ಇದರಲ್ಲಿ ಒಂದು ದೋಸೆ ಹುಯ್ಯಬಹುದು" ಅಂದಿದ್ದ. ನಕ್ಕೆ. ಸಂಜೆ ಬರುವಾಗ ಮೆಡಿಕಲ್‌ನಲ್ಲಿ ಗಾಡಿ ನಿಲ್ಲಿಸಿದೆ.

ನನ್ನ ಕೆಲಸ ಶಿವಮೊಗ್ಗದಲ್ಲಿ, ಸಾಗರ ರಸ್ತೆಯ ಎಪಿಎಂಸಿಯ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವುದು. ಮನೆ ಮಂಡಗದ್ದೆ ಹತ್ತಿರ. ದಿನಾ ಬೈಕು, ಹೋಗಿ ಬರುವುದೆಲ್ಲಾ ಸೇರಿ ಅರವತ್ತು ಕಿಲೋಮೀಟರ್ ಆಗುತ್ತದೆ. ಸಕ್ರೆಬೈಲಿನವರೆಗೆ ಮರದ ನೆರಳು ಇರುತ್ತದೆ, ಆಮೇಲೆ ಬಿಸಿಲು, ಲಾರಿ ಹೊಗೆ. ಮಂಡಿಯೊಳಗೆ ಚೀಲ ಸುರಿದಾಗ ಏಳುವ ಅಡಿಕೆ ಧೂಳು ಬೇರೆ. ಒಣ ಮುಖದವರಿಗೆ ಧೂಳು ಧೂಳಾಗಿಯೇ ಉಳಿಯುತ್ತದೆ, ಕೊಡವಿದರೆ ಹೋಯಿತು. ನನ್ನ ಮುಖದಲ್ಲಿ ಅದು ಹಿಟ್ಟು ಕಲಸಿದ ಹಾಗೆ ಕೂತುಬಿಡುತ್ತದೆ. ಸಂಜೆ ಹೆಲ್ಮೆಟ್ ತೆಗೆದರೆ ಒಳಗಿನ ಸ್ಪಂಜಿನ ಮೇಲೆ ಹಣೆಯದ್ದೇ ಒಂದು ಕಂದು ಗೆರೆ.

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದರೆ, ಈ ವಿಮರ್ಶೆ ಎಸಿ ರೂಮಲ್ಲಿ ಕೂತವನದ್ದಲ್ಲ ಅಂತ ಗೊತ್ತಾಗಲಿ.

ಕಂಪನಿಯ ಹೆಸರು ಹಾಕುವುದಿಲ್ಲ. 2 ಪರ್ಸೆಂಟ್ ಸ್ಯಾಲಿಸಿಲಿಕ್ ಆಸಿಡ್ ಫೇಸ್ ವಾಶ್ ಅಂತ ಈಗ ಹತ್ತು ಕಂಪನಿಯವರು ಮಾರುತ್ತಾರೆ, ಹೆಚ್ಚುಕಡಿಮೆ ಎಲ್ಲವೂ ಅಣ್ಣತಮ್ಮಂದಿರೇ. ನನ್ನದು 100 ಮಿಲಿ ಟ್ಯೂಬ್, 349 ರೂಪಾಯಿ. ಉಳಿದ ವಿವರ ಡಬ್ಬಿ ಮೇಲೇ ಇದೆ, ಓದಿಕೊಳ್ಳಿ.

ಇದಕ್ಕೆ ಮೊದಲು ಮಾಡಿದ ತಪ್ಪುಗಳ ಪಟ್ಟಿ ಉದ್ದವಿದೆ. ನಿಂಬೆ ವಾಸನೆಯ ಮೈ ಸೋಪಿನಲ್ಲಿ ದಿನಕ್ಕೆ ಐದಾರು ಸಲ ಮುಖ ತೊಳೆಯುತ್ತಿದ್ದೆ. ತೊಳೆದ ಹತ್ತು ನಿಮಿಷ ಚರ್ಮ ಒಣಗಿದ ಹಾಳೆಯ ಹಾಗೆ ಬಿಗಿಯುತ್ತಿತ್ತು, ಅದನ್ನೇ ನಾನು ಸ್ವಚ್ಛ ಅಂದುಕೊಂಡಿದ್ದೆ. ಸೋಪಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 9, 10ರ ಹತ್ತಿರ ಇರುತ್ತದೆ, ಚರ್ಮದ್ದು 5ರ ಆಸುಪಾಸು, ಹಾಗಾಗಿ ಎಣ್ಣೆ ಜೊತೆ ಚರ್ಮದ ಮೇಲ್ಪದರವನ್ನೂ ಕೆರೆದ ಹಾಗಾಗುತ್ತದೆ. ಇದು ಗೊತ್ತಾಗಿದ್ದು ತುಂಬಾ ಆಮೇಲೆ. ಇನ್ನೊಂದು ದೊಡ್ಡ ತಪ್ಪು: ಒಂದು ಅಂಗಡಿಯಲ್ಲಿ ಮೊಡವೆಗೆ ಅಂತ ಕೇಳಿದಾಗ ಚೀಟಿಯಿಲ್ಲದೆ ಕೊಟ್ಟ ಸಣ್ಣ ಟ್ಯೂಬ್. ವಾರದಲ್ಲಿ ಮುಖ ಮಿಂಚಿತು. ಬಿಟ್ಟ ನಾಲ್ಕು ದಿನಕ್ಕೆ ಮೆಣಸಿನ ಪುಡಿ ಬಳಿದ ಹಾಗೆ ಕೆಂಪಾಯಿತು. ಚರ್ಮದ ಡಾಕ್ಟರ್ ಹತ್ತಿರ ಓಡಿದೆ. ಟ್ಯೂಬ್ ತಿರುಗಿಸಿ ನೋಡಿ "ಇದು ಸ್ಟೀರಾಯ್ಡ್ ಕಣ್ರೀ" ಅಂದರು. 2018ರಲ್ಲೇ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ, ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ ಕೇಳಿದರೆ ಸಿಗುತ್ತದೆ. ಕೇಳಬೇಡಿ.

ಆ ಡಾಕ್ಟರೇ ಹೇಳಿದ್ದು, ಕೆಂಪು ಇಳಿದ ಮೇಲೆ ಸ್ಯಾಲಿಸಿಲಿಕ್ ಇರುವುದು ಯಾವುದಾದರೂ ತಗೊಳ್ಳಿ, ದಿನಕ್ಕೆ ಎರಡೇ ಸಲ ಅಂತ. ಎರಡೇ ಸಲ ಅನ್ನುವುದು ನನಗೆ ಉಪವಾಸ ಹೇಳಿದ ಹಾಗಾಯಿತು.

ಬೆಳಗ್ಗೆ ಆರಕ್ಕೆ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕುವುದು ನಮ್ಮನೆಯಲ್ಲಿ ನನ್ನ ಪಾಲಿನ ಕೆಲಸ. ಅಡಿಕೆ ಸಿಪ್ಪೆ, ಒಣ ಸೋಗೆ. ಹಂಡೆಯ ನೀರು ಮುಖಕ್ಕೆ ಜಾಸ್ತಿ ಬಿಸಿ, ಹಾಗಾಗಿ ಒಂದು ಚೊಂಬಿನಲ್ಲಿ ಗುಡ್ಡದ ಅಬ್ಬಿ ನೀರು ಬೆರೆಸಿ ಉಗುರುಬೆಚ್ಚಗೆ ಮಾಡಿಕೊಳ್ಳುತ್ತೇನೆ. ಮುಖ ಒದ್ದೆ ಮಾಡಿ, ಕಡಲೆಕಾಳಿನಷ್ಟು ಜೆಲ್ ಅಂಗೈಯಲ್ಲಿ ತಿಕ್ಕಿ ನೊರೆ ಬರಿಸಿ, ಮೂಗಿನ ಪಕ್ಕದ ಸಂದಿಯಿಂದ ಶುರು. ಹಚ್ಚಿದ ತಕ್ಷಣ ತೊಳೆಯಬಾರದು, ಈ ಆಸಿಡ್ ಎಣ್ಣೆಯಲ್ಲಿ ಕರಗುವಂಥದ್ದು, ರಂಧ್ರದೊಳಗಿನ ಜಿಡ್ಡಿಗೆ ಇಳಿಯಬೇಕು ಅಂದರೆ ಸ್ವಲ್ಪ ಹೊತ್ತು ಬೇಕು. ಗಡಿಯಾರ ಯಾರು ನೋಡುತ್ತಾರೆ? ನೊರೆ ಮುಖದಲ್ಲೇ ಕುಕ್ಕರುಗಾಲಲ್ಲಿ ಕೂತು ಒಲೆಗೆ ಒಂದು ಹಿಡಿ ಸಿಪ್ಪೆ ಹಾಕುತ್ತೇನೆ, ಅದು ಹೊಗೆಯಾಡಿ ಪಟ್ ಅಂತ ಹತ್ತಿಕೊಳ್ಳುವಷ್ಟರಲ್ಲಿ ಸುಮಾರು ಒಂದು ನಿಮಿಷ ಆಗಿರುತ್ತದೆ. ಆಗ ತೊಳೆಯುವುದು. ಮಳೆಗಾಲದಲ್ಲಿ ಸಿಪ್ಪೆ ತಂಡಿ ಹಿಡಿದು ಹತ್ತುವುದೇ ಇಲ್ಲ, ಆಗ ಮಾತ್ರ ಅರವತ್ತು ಎಣಿಸಬೇಕು.

ಒಂದು ಸಂಗತಿ. ಅಬ್ಬಿ ನೀರು ತುಂಬಾ ಮೆದು, ಎಷ್ಟು ತೊಳೆದರೂ ಜಾರುತ್ತಾ ಇರುತ್ತದೆ, ಸೋಪು ಹೋಗಿಲ್ಲ ಅನ್ನಿಸುತ್ತದೆ. ಮಂಡಿಯ ಬೋರ್ ನೀರಿನಲ್ಲಿ ಎರಡೇ ಬೊಗಸೆಗೆ ಕಿರ್ ಅನ್ನುತ್ತದೆ. ಕಿರ್ ಅನ್ನಿಸಲಿ ಅಂತ ಉಜ್ಜುತ್ತಾ ಕೂರಬೇಡಿ. ನಾನು ಕೂತಿದ್ದೆ.

ಅಮ್ಮ ಮೊದಲ ದಿನವೇ ನೋಡಿದರು. "ಎಂತ ಮಾರಾಯ, ಮುಖಕ್ಕೊಂದು ಬೇರೆ ಸೋಪಾ? ಇನ್ನು ಕಾಲಿಗೊಂದು ಬರುತ್ತಾ?"

ಫಲ ಏನು ಅಂತ ಕೇಳುತ್ತೀರಿ ಅಲ್ವಾ? ಮೊದಲ ಮೂರು ವಾರ ಏನೂ ಇಲ್ಲ, ಗಲ್ಲದ ಮೇಲೆ ಎರಡು ಮೊಡವೆ ಜಾಸ್ತಿಯೇ ಆಯಿತು. ಆರನೇ ವಾರಕ್ಕೆ ಮೂಗಿನ ಮೇಲಿನ ಕಪ್ಪು ಚುಕ್ಕೆ ಕಮ್ಮಿಯಾದವು. ಆ ಕಪ್ಪು ಕೊಳೆಯಲ್ಲವಂತೆ, ರಂಧ್ರದ ಬಾಯಲ್ಲಿ ಕೂತ ಜಿಡ್ಡು ಗಾಳಿ ತಾಗಿ ಕಪ್ಪಾಗುವುದು, ಹೆಚ್ಚಿಟ್ಟ ಬಾಳೆಕಾಯಿ ಕಪ್ಪಾಗುವ ಹಾಗೆ. ನಾನು ವರ್ಷಗಟ್ಟಲೆ ಅದನ್ನು ಟವೆಲ್‌ನಲ್ಲಿ ತಿಕ್ಕಿದ್ದೇ ತಿಕ್ಕಿದ್ದು. ಎರಡನೇ ಟ್ಯೂಬಿನ ಹೊತ್ತಿಗೆ ಗುಲಾಬಿ ಹಾಳೆಯಲ್ಲಿ ಮೂಗು ಮಾತ್ರ ಬರುತ್ತಿತ್ತು, ಹಣೆ ಇಲ್ಲ. ಎಣ್ಣೆ ಪೂರ್ತಿ ನಿಲ್ಲುವುದಿಲ್ಲ, ಅದನ್ನು ಯಾವ ಫೇಸ್ ವಾಶೂ ಮಾಡುವುದಿಲ್ಲ. ಎಣ್ಣೆ ಗ್ರಂಥಿಯನ್ನು ಓಡಿಸುವುದು ಹಾರ್ಮೋನು, ಗಂಡಸರಿಗೆ ಅದು ಸ್ವಲ್ಪ ಧಾರಾಳ, ಸೋಪು ಹಾಕಿ ಅದಕ್ಕೆ ಬುದ್ಧಿ ಹೇಳಲಿಕ್ಕೆ ಆಗುವುದಿಲ್ಲ.

ಅರ್ಧ ಪುಣ್ಯ ತಲೆ ಎಣ್ಣೆ ಬಿಟ್ಟಿದ್ದಕ್ಕೂ ಸೇರಬೇಕು. ಕೊಬ್ಬರಿ ಎಣ್ಣೆ ಹಚ್ಚಿ ಹೆಲ್ಮೆಟ್ ಹಾಕಿದರೆ ಅದು ಬೆವರಿನ ಜೊತೆ ಹಣೆಗೆ ಇಳಿದು ರಂಧ್ರ ಕಟ್ಟುತ್ತದೆ. ಈಗ ಶನಿವಾರ ರಾತ್ರಿ ಹಚ್ಚಿ ಭಾನುವಾರ ಸೀಗೆಕಾಯಿಯಲ್ಲಿ ತೊಳೆದುಬಿಡುತ್ತೇನೆ. ಅಜ್ಜಿಗೆ ಇದು ಇವತ್ತಿಗೂ ಒಪ್ಪಿಗೆ ಇಲ್ಲ, ಕೂದಲು ಕೆಂಚಾಗುತ್ತದೆ ಅನ್ನುತ್ತಾರೆ. ದೀಪಾವಳಿ ಎಣ್ಣೆಸ್ನಾನಕ್ಕೆ ಮಾತ್ರ ನಾನು ತಕರಾರು ಮಾಡುವುದಿಲ್ಲ, ನೆತ್ತಿಯಿಂದ ಪಾದದವರೆಗೆ ಸುರಿಸಿಕೊಳ್ಳುತ್ತೇನೆ, ಆಮೇಲೆ ಒಂದು ವಾರ ಮುಖ ಅನುಭವಿಸುತ್ತದೆ.

ಚಳಿಗಾಲದಲ್ಲಿ ದಿನಕ್ಕೆ ಎರಡು ಸಲ ಅನ್ನುವುದೂ ಮುಖಕ್ಕೆ ಅತಿಯಾಯಿತು. ಡಿಸೆಂಬರ್, ಜನವರಿಯ ಬೆಳಗಿನ ಚಳಿಗಾಳಿಗೆ ಬಾಯಿಯ ಪಕ್ಕ ಸಿಪ್ಪೆ ಏಳತೊಡಗಿತು, ಎಣ್ಣೆ ಮುಖದವನಿಗೂ. ರಾತ್ರಿ ಒಂದೇ ಸಲಕ್ಕೆ ಇಳಿಸಿ, 199 ರೂಪಾಯಿಯ ನೀರು ನೀರಾದ ಜೆಲ್ ಮಾಯಿಶ್ಚರೈಸರ್ ತಂದೆ. ಜಿಡ್ಡು ಮುಖಕ್ಕೆ ಇನ್ನೊಂದು ಪದರ ಯಾಕೆ ಅಂತ ನಾನೇ ನಗುತ್ತಿದ್ದವನು. ತೇವ ಬೇರೆ, ಜಿಡ್ಡು ಬೇರೆ ಅಂತ ಆಗ ಅರ್ಥವಾಯಿತು. ಅಷ್ಟೇ, ಅದರ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ.

ಇಲ್ಲಿವರೆಗೆ ಬರೆದಿದ್ದರೆ ಐದಕ್ಕೆ ಐದು ಕೊಟ್ಟು ಎದ್ದು ಹೋಗುತ್ತಿದ್ದೆ. ಆದರೆ ಈ ಸಲ ಟ್ಯೂಬ್ ಬದಲು ಪಂಪ್ ಬಾಟಲಿ ಬಂತು.

"ಹೊಸ ರೂಪ" ಅಂತ ಮೇಲೆ ಬರೆದಿತ್ತು. ಬಾಟಲಿ ಚೆಂದ, ಒತ್ತಿದರೆ ಬೀಳುತ್ತದೆ, ಮೊದಲ ದಿನ ಖುಷಿಯೇ ಆಯಿತು. ಒಂದು ತಿಂಗಳು ಆಗುವ ಮೊದಲೇ ಫುಸ್ ಅಂದಿತು. ಟ್ಯೂಬು ಸರಿಯಾಗಿ ಐವತ್ತು ದಿನ ಬರುತ್ತಿತ್ತು, ಲೆಕ್ಕದವನು ನಾನು, ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತೇನೆ. ಬಾಟಲಿ ತಿರುಗಿಸಿ ನೋಡಿದರೆ 80 ಮಿಲಿ. ಬೆಲೆ ಅದೇ 349. ಈಗ ಡಬ್ಬಿ ಮೇಲೆ ಒಂದು ಮಿಲಿಗೆ ಎಷ್ಟು ಅಂತಲೂ ಮುದ್ರಿಸುತ್ತಾರೆ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ. ಹಳೆಯದರಲ್ಲಿ 3.49. ಹೊಸದರಲ್ಲಿ 4.36.

ನನಗೆ ಸಿಟ್ಟು ಬಂದಿದ್ದು ದುಡ್ಡಿಗಲ್ಲ. ನಮ್ಮ ಮಂಡಿಯಲ್ಲಿ ರೈತ ತಕ್ಕಡಿಯ ಪಕ್ಕದಲ್ಲೇ ನಿಂತಿರುತ್ತಾನೆ. ಅಡಿಕೆಯ ದರ್ಜೆ ರಾಶಿ ಇರಲಿ, ಬೆಟ್ಟೆ ಇರಲಿ, ಗೊರಬಲು ಇರಲಿ, ಅಂಕಿ ನಿಲ್ಲುವವರೆಗೆ ಕಣ್ಣು ಮಿಟುಕಿಸುವುದಿಲ್ಲ. ಖಾಲಿ ಚೀಲದ ತೂಕ ಕಳೆಯುವಾಗ ನೂರು ಗ್ರಾಂ ಹೆಚ್ಚು ಕಳೆದೆನೋ, ಮುಗಿಯಿತು ನನ್ನ ಕಥೆ. ಅಂಥಾದ್ದರಲ್ಲಿ ನನ್ನ ಬಚ್ಚಲಿಗೇ ಬಂದು ತೂಕ ಹೊಡೆದು ಹೋಗಿದ್ದಾರೆ!

ಅದಕ್ಕೇ ಎರಡನೇ ಬಾಟಲಿಯನ್ನು ತೂಕ ಹಾಕಿದೆ. ನಮ್ಮ ಕಾಟಾದಲ್ಲಿ ಗ್ರಾಂ ಗೊತ್ತಾಗುವುದಿಲ್ಲ, ಹಾಗಾಗಿ ಪಕ್ಕದ ಬೇಕರಿಯ ಕೇಕ್ ತೂಗುವ ತಕ್ಕಡಿ. ಬೇಕರಿಯವರು ಒಂದು ಥರಾ ನೋಡಿದರು, ನಾನು ಖಾರಾ ಬನ್ ತಗೊಂಡು ಸಮಾಧಾನ ಮಾಡಿದೆ. ಇಪ್ಪತ್ತು ಸಲ ಪೂರ್ತಿ ಒತ್ತಿದರೆ 30 ಗ್ರಾಂ ಇಳಿಯಿತು. ಅಂದರೆ ಒಂದು ಒತ್ತಿಗೆ ಒಂದೂವರೆ ಗ್ರಾಂ. ನನ್ನ ಕಡಲೆಕಾಳು ಒಂದೇ ಗ್ರಾಂ! ಬೇಕೋ ಬೇಡವೋ, ಅದು ಬಡಿಸಿಯೇ ಬಡಿಸುತ್ತದೆ. ಪಂಪ್ ಗಾಳಿ ಹೊಡೆಯಲು ಶುರುಮಾಡಿದ ದಿನ ಬಾಟಲಿ 37 ಗ್ರಾಂ ಇತ್ತು. ಮನೆಗೆ ತಂದು ಅಡಿಕೆ ಸುಲಿಯುವ ಮೆಟ್ಟುಗತ್ತಿಯಲ್ಲಿ ಸೀಳಿದೆ. ತಳದ ಸುತ್ತ, ಪಂಪಿನ ಕೊಳವೆ ಮುಟ್ಟದ ಮೂಲೆಯಲ್ಲಿ, ಜೇನುತುಪ್ಪದ ಹಾಗೆ ಜೆಲ್ ಕೂತಿತ್ತು. ಅದನ್ನೆಲ್ಲಾ ಬಳಸಿ, ತೊಳೆದು, ಒಲೆಯ ಹತ್ತಿರ ಒಣಗಿಸಿ, ಪಂಪು ಚೂರು ಎಲ್ಲಾ ಸೇರಿಸಿ ಮತ್ತೆ ತೂಗಿದರೆ 28. ಒಂಬತ್ತು ಗ್ರಾಂ ಒಳಗೇ ಉಳಿದಿತ್ತು. ಸೀಳದೆ ಎಸೆಯುವವರಿಗೆ ಕೈಗೆ ಬರುವುದು ಎಪ್ಪತ್ತೊಂದು ಚಿಲ್ಲರೆ ಮಿಲಿ, ಅಂದರೆ ಮಿಲಿಗೆ ಹತ್ತಿರ ಹತ್ತಿರ ಐದು ರೂಪಾಯಿ. ಹಳೆ ಟ್ಯೂಬನ್ನು ಟೂತ್‌ಪೇಸ್ಟಿನ ಹಾಗೆ ಬುಡದಿಂದ ಸುತ್ತಿಕೊಂಡು ಬಂದರೆ ಕೊನೆಗೆ ಏನೂ ಉಳಿಯುತ್ತಿರಲಿಲ್ಲ.

ಅಮ್ಮ ಸೀಳಿದ ಬಾಟಲಿ ನೋಡಿ ಏನೂ ಹೇಳಲಿಲ್ಲ. ಮೆಟ್ಟುಗತ್ತಿಗೆ ಜೆಲ್ ಅಂಟಿದ್ದಕ್ಕೆ ಮಾತ್ರ ಬೈದರು.

ಹೊಸದರಲ್ಲಿ ವಾಸನೆಯೂ ಸೇರಿಸಿದ್ದಾರೆ, ಅದನ್ನು ಹೇಳಲು ಮರೆತೆ. ಹಳೆಯದು ಆಸ್ಪತ್ರೆಯ ಹಾಗೆ ಸಪ್ಪೆ ನಾರುತ್ತಿತ್ತು, ನನಗೆ ಅದೇ ಇಷ್ಟ. ಇದು ಕಲ್ಯಾಣ ಮಂಟಪದಲ್ಲಿ ಕೈ ತೊಳೆಯುವ ಕಡೆ ಇಡುತ್ತಾರಲ್ಲ, ಆ ನೀಲಿ ಸೋಪಿನ ಥರ.

ಕಸ್ಟಮರ್ ಕೇರ್‌ಗೆ ಮೇಲ್ ಹಾಕಿದೆ, ತೂಕದ ಫೋಟೋ ಸಮೇತ. ಮೂರನೇ ದಿನ ಉತ್ತರ ಬಂತು, ನಿಮ್ಮ ಅಭಿಪ್ರಾಯ ಅಮೂಲ್ಯ ಅಂತ, ಜೊತೆಗೆ ಹತ್ತು ಪರ್ಸೆಂಟ್ ಕೂಪನ್. ಒಂಬತ್ತು ಗ್ರಾಂ ಬಗ್ಗೆ ಒಂದು ಮಾತಿಲ್ಲ.

ಬೇರೆ ಕಂಪನಿಯದ್ದು ನೋಡಿದೆ, ನೋಡಿಲ್ಲ ಅಂತಲ್ಲ. ಒಂದು 240ಕ್ಕೆ ಸಿಕ್ಕಿತು, ಅದೇ 2 ಪರ್ಸೆಂಟ್. ಎರಡು ವಾರ ಹಾಕಿದೆ, ತೊಳೆದ ಮೇಲೆ ಮತ್ತೆ ಆ ಹಳೆ ಸೋಪಿನ ಬಿಗಿತ. ಆಸಿಡ್ ಒಂದೇ ಇದ್ದರೂ ನೊರೆಗೆ ಹಾಕುವ ಸಾಮಾನು ಬೇರೆ ಇರುತ್ತದೆ ಅಂತ ಕಾಣುತ್ತದೆ. ತಮ್ಮನಿಗೆ ಕೊಟ್ಟೆ, ಅವನು ಅದರಲ್ಲಿ ಬೈಕಿನ ಗ್ರೀಸ್ ಕೈ ತೊಳೆಯುತ್ತಾನೆ.

ಹಾಗಾಗಿ ವಾಪಸ್ ಬಾಟಲಿಗೇ. ಈಗ ಪಂಪನ್ನು ಅರ್ಧಕ್ಕೇ ಒತ್ತುವುದು ಕಲಿತಿದ್ದೇನೆ, ಹೆಬ್ಬೆರಳನ್ನು ಅಡ್ಡ ಕೊಟ್ಟು. ಹಾಗೆ ಮಾಡಿದರೆ ನಲವತ್ತು ದಿನದ ಮೇಲೆ ಬರುತ್ತದೆ, ಕೊನೆಗೆ ಸೀಳಿದರೆ ಇನ್ನೂ ನಾಲ್ಕೈದು ದಿನ. ಮುಖಕ್ಕೆ ತಿಂಗಳಿಗೆ ಮುನ್ನೂರು ರೂಪಾಯಿ ದಾಟಬಾರದು ಅಂತ ನನ್ನದೊಂದು ಗೆರೆ ಇದೆ, ಅದರೊಳಗೆ ಬರುತ್ತದೆ. ಪೂರ್ತಿ ಒತ್ತುವವರಿಗೆ ನಾನೂರು ದಾಟುತ್ತದೆ, ಅವರು ಯೋಚನೆ ಮಾಡಲಿ. ಆಸ್ಪಿರಿನ್ ಅಲರ್ಜಿ ಇರುವವರು ಡಾಕ್ಟರನ್ನು ಕೇಳದೆ ಇದರ ತಂಟೆಗೆ ಹೋಗಬೇಡಿ, ಅದೇ ಕುಟುಂಬದ ವಸ್ತು ಇದು.

ಮುಖಕ್ಕೆ ಐದರಲ್ಲಿ ನಾಲ್ಕೂವರೆ. ಬಾಟಲಿಗೆ ಒಂದು, ಅದೂ ನಿಂತುಕೊಳ್ಳುತ್ತದೆ ಅನ್ನುವುದಕ್ಕೆ. ಕೂಪನ್ ಈ ತಿಂಗಳ ಕೊನೆಗೆ ಮುಗಿಯುತ್ತದೆ, ನಿನ್ನೆ ರಾತ್ರಿ ಎರಡು ಆರ್ಡರ್ ಮಾಡಿದೆ. ಬಂದ ತಕ್ಷಣ ಬೇಕರಿಗೆ ಹೋಗಬೇಕು.