ಆರ್‌ಎಕ್ಸ್ 100 ಕಾರ್ಬುರೇಟರ್‌ಗೆ ಸೂಜಿ ಹಾಕುವ ಮುಂಚೆ ಇದನ್ನೊಮ್ಮೆ ಓದಿ

749 ರೂಪಾಯಿಯ ಒಂದು ಕಾರ್ಬುರೇಟರ್ ಕ್ಲೀನಿಂಗ್ ಕಿಟ್ ತರಿಸಿ ಎಂಟು ಸಾವಿರ ಚಿಲ್ಲರೆ ಕಳೆದುಕೊಂಡೆ. ದುಡ್ಡು ಹಾಳಾಗಲಿ, ಶಿರಾ ರಸ್ತೆಯಲ್ಲಿ ನನ್ನ ಹಿಂದೆ ಬರುತ್ತಿದ್ದ ಲಾರಿಯವರು ಆ ಹೊತ್ತಿಗೆ ಬ್ರೇಕ್ ಹಾಕದೇ ಇದ್ದಿದ್ದರೆ ಇದನ್ನು ಬರೆಯಲು ನಾನೇ ಇರುತ್ತಿರಲಿಲ್ಲ. ಹಳೇ ಟೂ-ಸ್ಟ್ರೋಕ್ ಗಾಡಿ ಇಟ್ಟುಕೊಂಡು, ವಿಡಿಯೋ ನೋಡಿ ಭಾನುವಾರ ಬೆಳಗ್ಗೆ ಸ್ಪ್ಯಾನರ್ ಹಿಡಿಯುವ ಚಟ ಇರುವವರು ದಯವಿಟ್ಟು ಪೂರ್ತಿ ಓದಿ.

ಗಾಡಿ ಅಪ್ಪನದು, 1991ರ ಯಮಹಾ ಆರ್‌ಎಕ್ಸ್ 100. ತೊಂದರೆ ಅಂಥ ದೊಡ್ಡದೇನಲ್ಲ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸದ್ದು ಕೂಡಲೇ ಇಳಿಯುತ್ತಿರಲಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಒಂದಷ್ಟು ಹೊತ್ತು ಕಿರುಚಿಕೊಂಡೇ ಇರುತ್ತಿತ್ತು. ಒಮ್ಮೊಮ್ಮೆ ಸ್ಲೋ (ಆಕ್ಸಿಲರೇಟರ್ ಕೊಡದಿದ್ದಾಗಿನ ಓಟ) ನಿಲ್ಲದೆ ಆಫ್ ಆಗುತ್ತಿತ್ತು. ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕಳಿಸುವ ಕಾರ್ಬುರೇಟರ್‌ನಲ್ಲಿ ಕಸ ಕೂತಿದೆ ಎಂದು ನಾನೇ ತೀರ್ಪು ಕೊಟ್ಟುಕೊಂಡೆ.

ಕಿಟ್ ಬಂತು. ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಉದ್ದನೆಯ ಮೈನಸ್, ಸಣ್ಣ ಡಬ್ಬಿ ತುಂಬ ಸ್ಟೀಲ್ ಸೂಜಿಗಳು. ಮೊದಲ ಏಟು ಬಿದ್ದಿದ್ದು ಕೆಳಗಿನ ಬಟ್ಟಲಿನ ಸ್ಕ್ರೂಗಳಿಗೆ. ಮಿಕುನಿ ಮಾದರಿಯ ಕಾರ್ಬುರೇಟರ್‌ಗಳಲ್ಲಿ ಇರುವುದು ಜಪಾನಿನ ಜೆಐಎಸ್ ಅಳತೆಯ ಸ್ಕ್ರೂ. ನೋಡಲು ನಮ್ಮ ಸ್ಟಾರ್ ಥರವೇ, ಆದರೆ ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರೊಳಗೆ ಪೂರ್ತಿ ಕೂರುವುದಿಲ್ಲ. ಒತ್ತಿ ತಿರುಗಿಸಿದರೆ ಜಾರಿ ಮೇಲೇಳುತ್ತದೆ. ಎರಡು ಸ್ಕ್ರೂ ತಲೆ ಸವೆದು ನುಣ್ಣಗಾದವು. ಅಲ್ಲೇ ನಿಲ್ಲಿಸಬೇಕಿತ್ತು, ಬುದ್ಧಿ ಬರಲಿಲ್ಲ. ಕಟಿಂಗ್ ಪ್ಲೇಯರ್ ಹಾಕಿ ಬಿಚ್ಚಿದೆ.

ಆಮೇಲೆ ಜೆಟ್‌ಗಳು, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡುಗಳು. ಸ್ಲೋ ಓಟಕ್ಕೆ ಪೈಲಟ್ ಜೆಟ್, ಪೂರ್ತಿ ಆಕ್ಸಿಲರೇಟರ್‌ಗೆ ಮೇನ್ ಜೆಟ್. ಪೈಲಟ್ ಜೆಟ್ ತೂತು ಅರ್ಧ ಮಿಲಿಮೀಟರ್ ಕೂಡ ಇಲ್ಲ. ಬೆಳಕಿಗೆ ಹಿಡಿದರೆ ಚುಕ್ಕಿಯಷ್ಟು ಕಂಡಿತು. ಸೂಜಿ ತೂರಿಸಿ ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸಿದೆ, ಮೇನ್ ಜೆಟ್‌ಗೂ ಅದೇ ಸೇವೆ. ಸೂಜಿಯ ಮೈ ಅರದ ಹಾಗೆ ಒರಟು, ಜೆಟ್ ಮೆತ್ತನೆಯ ಹಿತ್ತಾಳೆ. ಕೆಳಗೆ ಹಾಸಿದ್ದ ಪೇಪರ್ ಮೇಲೆ ಚಿನ್ನದ ಬಣ್ಣದ ಪುಡಿ ಉದುರಿತ್ತು. ಅದನ್ನು ಕಸ ಎಂದುಕೊಂಡು ಖುಷಿಪಟ್ಟೆ. ಅದು ಜೆಟ್ಟೇ!

ಗಾಡಿ ಸ್ಟಾರ್ಟ್ ಆಯಿತು, ಆದರೆ ಹೊಗೆಯೋ ಹೊಗೆ. ತೂತು ದೊಡ್ಡದಾಗಿ ಪೆಟ್ರೋಲ್ ಹೆಚ್ಚು ಬರುತ್ತಿತ್ತು. ಸಂಜೆ ಊರೊಳಗೆ ಟ್ರಾಫಿಕ್‌ನಲ್ಲಿ ಒಂದು ಸುತ್ತು ಹೊಡೆದು ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕಾಡಿಗೆ ಕಪ್ಪು. ಜೆಟ್ ಕೆಡಿಸಿದ್ದು ನಾನೇ ಎಂದು ಹೊಳೆಯದೆ, ಮಿಶ್ರಣ ತೆಳುವಾಗಿಸಲು, ಅಂದರೆ ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ ಮಾಡಲು ಹೊರಟೆ. ಸ್ಲೋ ಓಟದ ಗಾಳಿ ಹೊಂದಿಸುವ ಏರ್ ಸ್ಕ್ರೂವನ್ನು ಮೂರೂವರೆ ಸುತ್ತು ಬಿಚ್ಚಿದೆ. ಸಾಮಾನ್ಯವಾಗಿ ಒಂದರಿಂದ ಎರಡು ಸುತ್ತಿನೊಳಗೆ ಸರಿಹೋಗಬೇಕು. ಕಾರ್ಬುರೇಟರ್ ಒಳಗೆ ಆಕ್ಸಿಲರೇಟರ್ ಜೊತೆ ಏರಿಳಿಯುವ ಚೂಪು ಕಡ್ಡಿಗೆ ನೀಡಲ್ ಅನ್ನುತ್ತಾರೆ, ಅದರ ಮೇಲಿನ ಕ್ಲಿಪ್ಪನ್ನು ತೀರಾ ಮೇಲಿನ ಕಚ್ಚಿಗೆ ಹಾಕಿದೆ. ಕ್ಲಿಪ್ ಮೇಲಕ್ಕೆ ಹೋದರೆ ನೀಡಲ್ ಕೆಳಗಿಳಿದು ಪೆಟ್ರೋಲ್ ದಾರಿ ಕಿರಿದಾಗುತ್ತದೆ. ಪಿಕಪ್ ಎಷ್ಟು ಚುರುಕಾಯಿತು ಅಂದರೆ ತಮ್ಮನನ್ನು ಕೂರಿಸಿಕೊಂಡು ಹೋಗಿ ಜಂಬ ಕೊಚ್ಚಿದೆ. ಟೂ-ಸ್ಟ್ರೋಕ್ ಎಂಜಿನ್ ಸಾಯುವ ಮುಂಚೆ ಹೀಗೇ ಚುರುಕಾಗಿ ಓಡುತ್ತದೆ ಅನ್ನುವುದು ನನಗೆ ಆಮೇಲೆ ಗೊತ್ತಾಗಿದ್ದು.

ಮುಂದಿನ ವಾರ ತುಮಕೂರಿನಿಂದ ಶಿರಾ ಕಡೆ ಹೊರಟಿದ್ದೆ. ಸೀಬಿ ದಾಟಿದ ಮೇಲೆ ಅರ್ಧ ಆಕ್ಸಿಲರೇಟರ್‌ನಲ್ಲಿ 60–65ರ ವೇಗ, ಒಂದೇ ಸಮ. ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಗಾಡಿ ಭಾರವಾಯಿತು. ನಾನು ಮಾಡಿದ್ದೇನು? ಇನ್ನಷ್ಟು ಆಕ್ಸಿಲರೇಟರ್ ಕೊಟ್ಟೆ. ಮರುಕ್ಷಣ ಹಿಂದಿನ ಚಕ್ರ ಲಾಕ್! ಟೈರ್ ಕಿರ್ರನೆ ಎಳೆದುಕೊಂಡು ಹೋಯಿತು. ಯಾವಾಗ ಕ್ಲಚ್ ಹಿಡಿದೆನೋ ನೆನಪಿಲ್ಲ, ಹಿಡಿದಿದ್ದಕ್ಕೆ ಬದುಕಿದೆ. ಟೂ-ಸ್ಟ್ರೋಕ್ ಗಾಡಿ ದಿಢೀರ್ ಭಾರವಾದರೆ ಬೇರೇನೂ ಯೋಚಿಸದೆ ಮೊದಲು ಕ್ಲಚ್ ಹಿಡಿಯಿರಿ.

ಅಪ್ಪನ ಕಾಲದ ಮೆಕ್ಯಾನಿಕ್ ಎಂಜಿನ್ ಬ್ಲಾಕ್ ಎತ್ತಿ ಪಿಸ್ಟನ್ ಕೈಗಿಟ್ಟರು. ಸೈಲೆನ್ಸರ್ ಕಡೆಯ ಮೈಯಲ್ಲಿ ಉದ್ದುದ್ದ ಗೀರು. ಮಿಶ್ರಣ ತೆಳುವಾದಾಗ ಎಂಜಿನ್ ಬಿಸಿ ಏರುತ್ತದೆ, ಅಲ್ಯೂಮಿನಿಯಂ ಪಿಸ್ಟನ್ ತನ್ನ ಸುತ್ತಲಿನ ಕಬ್ಬಿಣದ ಸ್ಲೀವ್‌ಗಿಂತ ಜಾಸ್ತಿ ಹಿಗ್ಗಿ ಕಚ್ಚಿಕೊಳ್ಳುತ್ತದೆ. "ಪ್ಲಗ್ ಕಪ್ಪಗಿತ್ತಲ್ಲ ಸಾರ್" ಅಂದೆ. "ಸಿಗ್ನಲ್‌ನಲ್ಲಿ ನಿಲ್ಲಿಸ್ಕೊಂಡು ಬಂದು ಬಿಚ್ಚಿದ್ರೆ ಕಪ್ಪಗೇ ಇರುತ್ತಪ್ಪ. ಹೈವೇಲಿ ಓಡೋ ಸ್ಪೀಡಲ್ಲೇ ಕ್ಲಚ್ ಹಿಡಿದು, ಆಫ್ ಮಾಡಿ, ಅಲ್ಲೇ ಬಿಚ್ಚಿ ನೋಡ್ಬೇಕು" ಅಂದರು. ಕಾಫಿ ಪುಡಿ ಬಣ್ಣ ಇದ್ದರೆ ಸರಿ, ಬೆಳ್ಳಗಿದ್ದರೆ ಅಪಾಯ. ಅರ್ಧ ಆಕ್ಸಿಲರೇಟರ್‌ನಲ್ಲಿ ನಡೆಯುವುದು ನೀಡಲ್‌ನ ಕಾರುಬಾರು. ಮೇನ್ ಜೆಟ್ ಎಷ್ಟು ದೊಡ್ಡದಾಗಿದ್ದರೂ ಅಲ್ಲಿ ಕಾಪಾಡುವುದಿಲ್ಲ.

ಆಮೇಲೆ ಅವರು ಕಾರ್ಬುರೇಟರ್ ಮತ್ತು ಬ್ಲಾಕ್ ನಡುವಿನ ರಬ್ಬರ್ ಜಾಯಿಂಟನ್ನು ಬಗ್ಗಿಸಿ ತೋರಿಸಿದರು. ಕೂದಲೆಳೆಯಷ್ಟು ಬಿರುಕು, ಬಗ್ಗಿಸಿದರಷ್ಟೇ ಬಾಯಿ ಬಿಡುತ್ತದೆ. ಸದ್ದು ಇಳಿಯದೇ ಇದ್ದದ್ದು ಆ ಬಿರುಕಿನಿಂದ ಕಳ್ಳಗಾಳಿ ಹೋಗಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆ. ಜಾಯಿಂಟ್ ಬದಲಾಯಿಸಿದ್ದರೆ ಅರ್ಧ ಗಂಟೆಯ ಕೆಲಸ.

ಅವರ ಹತ್ತಿರ ಕಲಿತದ್ದು ಇಷ್ಟು. ಕಾರ್ಬುರೇಟರ್ ಮುಟ್ಟುವ ಮೊದಲು, ಎಂಜಿನ್ ಸ್ಲೋನಲ್ಲಿರುವಾಗ ಜಾಯಿಂಟ್ ಸುತ್ತ ಬ್ರಷ್‌ನಲ್ಲಿ ಸ್ವಲ್ಪ 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್‌ಗೆ ಹಾಕುವ ಎಣ್ಣೆ) ಸವರಿ. ಸದ್ದು ಬದಲಾದರೆ ಅಲ್ಲಿ ಗಾಳಿ ಎಳೆಯುತ್ತಿದೆ. ಪೆಟ್ರೋಲ್ ಸವರುವ ಧೈರ್ಯ ಯಾರೂ ಮಾಡಬೇಡಿ, ಬೆಂಕಿ ಹತ್ತುತ್ತದೆ. ಜೆಟ್ ಕಟ್ಟಿದ್ದರೆ ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಹೊಡೆಸಿ, ಅದಕ್ಕೂ ಬಗ್ಗದಿದ್ದರೆ ಹೊಸದು ಹಾಕಿ. ಒಮ್ಮೆ ಸೂಜಿ ಆಡಿಸಿದ ಮೇಲೆ ಜೆಟ್ ಮೇಲಿರುವ, ತೂತಿನ ಅಳತೆ ಹೇಳುವ ನಂಬರ್ ಸುಳ್ಳು. ಇನ್ನು ಮಿಶ್ರಣ ಹೊಂದಿಸುವ ಸ್ಕ್ರೂ: ಏರ್ ಫಿಲ್ಟರ್ ಕಡೆ ಇದ್ದರೆ ಏರ್ ಸ್ಕ್ರೂ, ಬಿಚ್ಚಿದಷ್ಟೂ ಮಿಶ್ರಣ ತೆಳು. ಎಂಜಿನ್ ಕಡೆ ಇದ್ದರೆ ಫ್ಯೂಯಲ್ ಸ್ಕ್ರೂ, ಬಿಚ್ಚಿದಷ್ಟೂ ದಪ್ಪ. ಫೋರ್-ಸ್ಟ್ರೋಕ್ ಗಾಡಿಯ ವಿಡಿಯೋ ನೋಡಿ ಆರ್‌ಎಕ್ಸ್‌ಗೆ ಕೈ ಹಾಕುವವರು ಎಡವುವುದು ಇಲ್ಲೇ. ಬಿಚ್ಚುವ ಮುನ್ನ ಪೂರ್ತಿ ಒಳಗೆ ಎಷ್ಟು ಸುತ್ತು ಹೋಗುತ್ತದೆ ಎಂದು ಎಣಿಸಿ ಬರೆದಿಡಿ, ಆದರೆ ತುದಿಯಲ್ಲಿ ಬಿಗಿಯಬೇಡಿ, ಚೂಪು ಮೂತಿ ಕೆಡುತ್ತದೆ. ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ, ಅದರ ಜೊತೆಗೇ ನಡೆಯುವ ಆಯಿಲ್ ಪಂಪ್‌ನ ಗುರುತೂ ಸರಿಯಾಗಿ ಕೂತಿದೆಯೇ ನೋಡಿ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20% ಎಥನಾಲ್. ಅದರಲ್ಲೇ ಆಮ್ಲಜನಕ ಇರುವುದರಿಂದ ಮೊದಲಿನ ಜೆಟ್ಟೇ ಈಗ ಒಂಚೂರು ತೆಳು ಓಡುತ್ತದೆ, ಹಳೇ ರಬ್ಬರ್‌ಗೂ ಅದು ಒಗ್ಗುವುದಿಲ್ಲ.

ಬ್ಲಾಕ್ ಒಳಮೈಯನ್ನು ಕೊರೆಸಿ ಬೋರ್ ಮಾಡಿಸಿದ್ದಾಗಿದೆ, ಓವರ್‌ಸೈಜ್ ಪಿಸ್ಟನ್ ಬಂದಿದೆ. ರನ್ನಿಂಗ್-ಇನ್ (ಹೊಸ ಪಿಸ್ಟನ್ ಪಳಗುವ ಓಟ) ಮುಗಿಯುವವರೆಗೆ 40 ದಾಟಬಾರದೆಂದು ಅಪ್ಪನ ಅಪ್ಪಣೆ. ಸೂಜಿ ಡಬ್ಬಿ ಈಗ ಅಡುಗೆಮನೆಯಲ್ಲಿದೆ, ಅಮ್ಮ ಅದರಲ್ಲಿ ಸ್ಟವ್ ಬರ್ನರ್ ಕೆದಕುತ್ತಾರೆ.