ಕುಳಗಿ ಸಫಾರಿ, ಜೋಯಿಡಾ, ಯಾಣ: ನನ್ನ ಆಯ್ಕೆ ಯಾವುದು?

ಕಾರವಾರದಿಂದ ಕಾಡಿಗೆ ಹೊರಟರೆ ಎರಡು ದಾರಿ. ಕದ್ರಾ ದಾಟಿ ಅಣಶಿ ಘಟ್ಟ ಹತ್ತಿ ಜೋಯಿಡಾ, ದಾಂಡೇಲಿ ಕಡೆ ಹೋಗಬಹುದು, ಇಲ್ಲವೇ ಕುಮಟಾ ಮೇಲೆ ಯಾಣಕ್ಕೆ ಹೋಗಬಹುದು. ಎರಡೂ ಕಡೆ ಅಡ್ಡಾಡಿದ್ದೇನೆ. ನನ್ನ ಓಟು ಅಣಶಿ ಕಡೆಗೆ, ಆದರೆ ಸಫಾರಿಗಲ್ಲ.

ಸಫಾರಿಗೆ ದಾಂಡೇಲಿ ಹತ್ತಿರದ ಕುಳಗಿಗೆ ಹೋದೆವು. ಕಾಳಿ ಹುಲಿ ಸಂರಕ್ಷಿತ ಪ್ರದೇಶ ಸುಮಾರು 1,300 ಚದರ ಕಿಲೋಮೀಟರ್. ಅಷ್ಟು ದಟ್ಟ ಕಾಡಲ್ಲಿ ಹುಲಿ ಎದುರಿಗೆ ಬಂದು ನಿಲ್ಲುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಕರಿಚಿರತೆಗೂ ಈ ಕಾಡು ಹೆಸರುವಾಸಿ. ನಮಗೆ ಸಿಕ್ಕಿದ್ದು ಕಾಟಿ, ಜಿಂಕೆ. ಜೀಪಿನಿಂದ ಕೆಳಗೆ ಇಳಿಯುವ ಹಾಗಿಲ್ಲ. ನಿಯಮ ಸರಿಯೇ, ಆದರೆ ದೊಡ್ಡ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಹಾರುವಾಗ ಬರುವ ರೆಕ್ಕೆಯ ಸದ್ದು ಇಂಜಿನ್ ಗದ್ದಲದಲ್ಲಿ ಎಲ್ಲಿ ಕೇಳಬೇಕು?

ಆ ಸದ್ದು ಕೇಳಿದ್ದು ಜೋಯಿಡಾ ಕಡೆಯ ಹಳ್ಳಿಯಲ್ಲಿ, ಅಂಗಳದಲ್ಲಿ ಕೂತು ಚಹಾ ಕುಡಿಯುವಾಗ. ಕುಣಬಿ ಜನರ ಮನೆ. ಗದ್ದೆ ಮುಗಿಯುವಲ್ಲಿಂದಲೇ ಕಾಡು ಶುರು. ಮನೆಯವರು ಜೊತೆಗೆ ಬಂದು ಕಾಲುದಾರಿ ತೋರಿಸಿದರು. ಯಾವ ಮರದಲ್ಲಿ ಮಂಗಟ್ಟೆ ಗೂಡು ಮಾಡುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಗೂಡಿನ ಹತ್ತಿರ ಮಾತ್ರ ಕರೆದುಕೊಂಡು ಹೋಗಲಿಲ್ಲ. ಹೆಣ್ಣು ಹಕ್ಕಿ ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೇ ಇರುತ್ತದೆ, ಗಂಡು ಹಣ್ಣು ತಂದು ಉಣಿಸಬೇಕು. ನಾವು ಹತ್ತಿರ ಸುಳಿದರೆ ಅದು ಬರುವುದಿಲ್ಲವಂತೆ. ಮಧ್ಯಾಹ್ನದ ಊಟಕ್ಕೆ ಬೇಯಿಸಿದ ಮುಡ್ಲಿ ಗೆಡ್ಡೆ. ಇಲ್ಲಿನವರು ಬೆಳೆಯುವ ಗೆಡ್ಡೆಗಳ ಬಗೆ ನೋಡಬೇಕಾದರೆ ಜೋಯಿಡಾದ ಗೆಡ್ಡೆ ಗೆಣಸು ಮೇಳಕ್ಕೆ ಹೋಗಿ. ಕೆಲವು ಗೆಡ್ಡೆ ಎತ್ತಲು ಎರಡೂ ಕೈ ಬೇಕು!

ಇನ್ನು ಯಾಣ. 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಅಂತ ಹಿಂದೆ ಹೇಳುತ್ತಿದ್ದರು. ಈಗ ರಸ್ತೆ, ಮೆಟ್ಟಿಲು ಎಲ್ಲ ಆಗಿ ಸೊಕ್ಕಿನ ಅಗತ್ಯ ಇಲ್ಲ. ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಕಪ್ಪು ಬಂಡೆಗೆ ಜೋತುಬಿದ್ದ ಹೆಜ್ಜೇನು. ಮೊದಲ ನೋಟಕ್ಕೆ ಮಾತೇ ಹೊರಡುವುದಿಲ್ಲ. ಆದರೆ ಎಲ್ಲರ ಕಣ್ಣೂ ಬಂಡೆಯ ಮೇಲೆ, ಸುತ್ತಲಿನ ಕಾಡನ್ನು ಕೇಳುವವರಿಲ್ಲ. ಭಾನುವಾರ ಗಲಾಟೆ ಜಾಸ್ತಿ, ಶಿವರಾತ್ರಿ ಜಾತ್ರೆಯಲ್ಲಂತೂ ಕೇಳಲೇಬೇಡಿ.

ಮಕ್ಕಳು, ವಯಸ್ಸಾದವರು ಜೊತೆಗಿದ್ದು ಒಂದೇ ದಿನದಲ್ಲಿ ಮನೆ ಸೇರಬೇಕಿದ್ದರೆ ಯಾಣವೇ ಸೈ. ಒಂದು ರಾತ್ರಿ ಉಳಿಯಲು ಆಗುತ್ತದೆ ಅಂದರೆ ಜೋಯಿಡಾ. ಮಳೆಗಾಲದಲ್ಲಿ ಎರಡೂ ಕಡೆ ರಕ್ತ ಹೀರುವ ಉಂಬಳದ ಕಾಟ ಇದ್ದದ್ದೇ, ಉಪ್ಪಿನ ಪೊಟ್ಟಣ ಜೇಬಲ್ಲಿರಲಿ. ಹಳ್ಳಿಮನೆಗೆ ಊಟದ ವಿಷಯ ಹಿಂದಿನ ದಿನವೇ ತಿಳಿಸಿ. ಘಟ್ಟ ಹತ್ತಿದ ಮೇಲೆ ಫೋನ್ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ.