ರಿಡ್ಡರ್ ಅರೀನಾ: ಮಹಿಳಾ ಐಸ್ ಹಾಕಿ ನೋಡಲು ಹೋದರೆ ಗಾಜಿನ ಪಕ್ಕದ ಸೀಟು ಬೇಡ

ಅಮೆರಿಕದ ಮಿನ್ನಿಯಾಪೊಲಿಸ್‌ನ ರಿಡ್ಡರ್ ಅರೀನಾಗೆ ಟಿಕೆಟ್ ತೆಗೆಯುವವರಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಗಾಜಿಗೆ ಅಂಟಿದ ಮುಂದಿನ ಸಾಲುಗಳಿಗೆ. ಕ್ರಿಕೆಟ್ಟಿಗೋ ನಾಟಕಕ್ಕೋ ಅದು ಸರಿ. ಕಾಲೇಜು ಮಹಿಳಾ ಐಸ್ ಹಾಕಿಗೆ ಮಾತ್ರ ಅದು ದುಡ್ಡು ಕೊಟ್ಟು ಅರ್ಧ ಆಟ ಕಳೆದುಕೊಳ್ಳುವ ದಾರಿ.

ಕಾರಣ ಸರಳ. ರಿಂಕಿನ ಉದ್ದ 200 ಅಡಿ, ಅಗಲ 85 ಅಡಿ, ಸುತ್ತಲೂ ಸುಮಾರು ಮೂರೂವರೆ ಅಡಿ ಎತ್ತರದ ಬೋರ್ಡ್. ಕೆಳಗಿನ ಸಾಲುಗಳಲ್ಲಿ ಕೂತರೆ ನಿಮ್ಮ ಕಡೆಯ ಬೋರ್ಡಿನ ಬುಡ ಕಾಣುವುದೇ ಇಲ್ಲ. ಪಕ್ ಅಂದರೆ ಒಂದು ಇಂಚು ದಪ್ಪ, ಮೂರು ಇಂಚು ಅಗಲದ ರಬ್ಬರ್ ಬಿಲ್ಲೆ. ಅದು ಆ ಮೂಲೆಗೆ ಸೇರಿತೆಂದರೆ ನಿಮಗೆ ಕಾಣುವುದು ನಾಲ್ಕು ಹೆಲ್ಮೆಟ್, ಎರಡು ಬೆನ್ನು. ಗಾಜಿನ ಮೇಲಿನ ಪ್ರತಿಫಲನ, ಸ್ಟಿಕ್ ತಾಗಿದ ಗೀರುಗಳು ಬೇರೆ.

ಇನ್ನೊಂದು ಕಾರಣ ಆಟದ ಒಳಗೇ ಇದೆ. ಕಾಲೇಜು ಮಹಿಳಾ ಹಾಕಿಯಲ್ಲಿ ಬಾಡಿ ಚೆಕಿಂಗ್‌ಗೆ, ಅಂದರೆ ಎದುರಾಳಿಯನ್ನು ಮೈಯಿಂದ ಗುದ್ದಿ ಬೀಳಿಸುವುದಕ್ಕೆ, ಅವಕಾಶವಿಲ್ಲ. ಪಕ್‌ಗಾಗಿ ಮೈ ತಾಗಿಸಿ ಸೆಣಸಬಹುದು, ಅಷ್ಟೇ. ಹಾಗಾಗಿ ಡಿಫೆನ್ಸ್ ಆಟಗಾರ್ತಿ ಪಕ್ ಕಿತ್ತುಕೊಳ್ಳುವುದು ಕೋನದ ಲೆಕ್ಕಾಚಾರದಿಂದ. ಹಿಂದಕ್ಕೆ ಸ್ಕೇಟ್ ಮಾಡುತ್ತಲೇ ರಿಂಕಿನ ನಡುಭಾಗವನ್ನು ತನ್ನ ಮೈಯಿಂದ ಮುಚ್ಚುತ್ತಾಳೆ, ಎದುರಾಳಿಯನ್ನು ಬೋರ್ಡಿನ ಕಡೆಗೆ ದಬ್ಬುತ್ತಾ ಹೋಗುತ್ತಾಳೆ, ಜಾಗ ಮುಗಿದ ಕ್ಷಣಕ್ಕೆ ಸ್ಟಿಕ್ ಚಾಚುತ್ತಾಳೆ. ಬ್ಲೂಲೈನ್ (ದಾಳಿಯ ವಲಯ ಶುರುವಾಗುವ ನೀಲಿ ಗೆರೆ) ದಾಟುವ ಹೊತ್ತಿಗೆ ಇಬ್ಬರ ನಡುವೆ ಒಂದು ಸ್ಟಿಕ್ಕಿನಷ್ಟೇ ಅಂತರ ಉಳಿದಿದ್ದರೆ ಡಿಫೆನ್ಸ್ ಗೆದ್ದಂತೆ. ಅಂತರ ಅದರ ಎರಡರಷ್ಟಿದ್ದರೆ ಶಾಟ್ ಬಂತು ಅಂತಲೇ ಲೆಕ್ಕ. ಈ ಅಂತರ ಕಾಣಬೇಕಾದರೆ ಎತ್ತರ ಬೇಕು.

ಎತ್ತರ ಎಂದರೆ ದೂರ ಅಂತಲ್ಲ, ರಿಡ್ಡರ್‌ನ ಗುಣವೇ ಅದು. 2002ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದ ಆವರಣದಲ್ಲಿ ತೆರೆದ ಇದು, ಅಮೆರಿಕದಲ್ಲಿ ಕಾಲೇಜು ಮಹಿಳಾ ಐಸ್ ಹಾಕಿಗೆಂದೇ ಕಟ್ಟಿದ ಮೊದಲ ಕ್ರೀಡಾಂಗಣ. ಸುಮಾರು 3,400 ಮಂದಿಗೆ ಜಾಗ. ಪಕ್ಕದ ಮರಿಯೂಚಿ ಅರೀನಾ, ಪುರುಷರ ತಂಡದ್ದು, ಸುಮಾರು ಹತ್ತು ಸಾವಿರ ಮಂದಿ ಹಿಡಿಸುತ್ತದೆ. ಅಲ್ಲಿ ಮೇಲಿನ ಸಾಲೆಂದರೆ ನಿಜಕ್ಕೂ ದೂರ. ರಿಡ್ಡರ್‌ನಲ್ಲಿ ಮೇಲೆ ಕೂತರೂ ಜರ್ಸಿ ಸಂಖ್ಯೆ ಓದಬಹುದು, ಬ್ಲೇಡು ಐಸನ್ನು ಕೆರೆಯುವ ಸದ್ದು ಕೇಳುತ್ತದೆ.

ನಮ್ಮ ಶಿಫಾರಸು: ಮೂಲೆಯ ಕಡೆಯ, ಮಧ್ಯಕ್ಕಿಂತ ಮೇಲಿನ ಸಾಲು. ಗೋಲಿನ ನೇರ ಹಿಂದೆ ರಕ್ಷಣಾ ಬಲೆ ಅಡ್ಡ ಬರುತ್ತದೆ. ಕಣ್ಣು ಬೇಗ ಹೊಂದಿಕೊಳ್ಳುತ್ತದೆ, ಆದರೂ ಫೋಟೋ ತೆಗೆಯುವವರಿಗೆ ಅದು ಆಗದು. ಆಯ್ಕೆ ಇದ್ದರೆ, ಎರಡನೇ ಪೀರಿಯಡ್‌ನಲ್ಲಿ (ಪಂದ್ಯದ ಮೂರು ಭಾಗಗಳಲ್ಲಿ ನಡುವಿನದು) ನಿಮ್ಮ ತಂಡ ದಾಳಿ ಮಾಡುವ ತುದಿ ಹಿಡಿಯಿರಿ. 20 ನಿಮಿಷಗಳ ಮೊದಲ ಪೀರಿಯಡ್ ಮುಗಿದ ಮೇಲೆ ತಂಡಗಳು ತುದಿ ಬದಲಿಸುತ್ತವೆ, ಬದಲಿ ಆಟಗಾರ್ತಿಯರು ಕೂರುವ ಬೆಂಚುಗಳು ಮಾತ್ರ ಇದ್ದಲ್ಲೇ ಇರುತ್ತವೆ. ಆಗ ತಮ್ಮ ಗೋಲನ್ನು ಕಾಯುವವರಿಗೆ ಬೆಂಚು ದೂರ. ಸಾಮಾನ್ಯವಾಗಿ ಮುಕ್ಕಾಲು ನಿಮಿಷಕ್ಕೊಮ್ಮೆ ಬದಲಾಗಬೇಕಾದ ಆಟಗಾರ್ತಿಯರು ಒಂದೂವರೆ ನಿಮಿಷ ಸಿಕ್ಕಿಬೀಳುತ್ತಾರೆ, ಕಾಲು ಸೋಲುತ್ತದೆ, ಪಕ್ ಹೊರಹಾಕಲು ಆಗದೆ ಗೋಲು ತಿನ್ನುತ್ತಾರೆ.

ಕೊರತೆಯೂ ಇದೆ. ವಿಡಿಯೋ ಪರಿಶೀಲನೆ ನಡೆಯುವಾಗ ಒಳಗೆ ಕೂತವರಿಗೆ ಟಿವಿ ನೋಡುವವರಿಗಿಂತ ಕಡಿಮೆ ತಿಳಿಯುತ್ತದೆ. 2025ರ ಮಾರ್ಚ್ 23ರಂದು ಇಲ್ಲೇ ನಡೆದ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ರಾಷ್ಟ್ರೀಯ ಪಂದ್ಯಾವಳಿಯ ಫೈನಲ್ ಇದಕ್ಕೆ ಒಳ್ಳೆಯ ಉದಾಹರಣೆ. ಕೊನೆಯ ನಿಮಿಷದಲ್ಲಿ ವಿಸ್ಕಾನ್ಸಿನ್ ವಿರುದ್ಧ ಓಹಾಯೊ ಸ್ಟೇಟ್ 3-2 ಮುಂದು. ಗೋಲಿನ ಬಾಯಲ್ಲಿ ಗುಂಪುಗಟ್ಟಿದ ಕಾಲುಗಳ ನಡುವೆ ಪಕ್ ಎಲ್ಲಿ ಹೋಯಿತೋ ಯಾರಿಗೂ ಗೊತ್ತಾಗದ ಸ್ಥಿತಿ. ವಿಸ್ಕಾನ್ಸಿನ್ ಕೋಚ್ ಮಾರ್ಕ್ ಜಾನ್ಸನ್ ಪರಿಶೀಲನೆ ಕೇಳಿದರು. ಗೋಲ್‌ಕೀಪರ್ ಬಿಟ್ಟು ಬೇರೆ ಆಟಗಾರ್ತಿ ಕ್ರೀಸ್ (ಗೋಲಿನ ಮುಂದಿನ ಗುರುತಿಸಿದ ಜಾಗ) ಒಳಗೆ ಪಕ್ ಮೇಲೆ ಕೈ ಮುಚ್ಚಿದರೆ ಎದುರು ತಂಡಕ್ಕೆ ಪೆನಾಲ್ಟಿ ಶಾಟ್, ಅಂದರೆ ಗೋಲ್‌ಕೀಪರ್ ಒಬ್ಬರನ್ನೇ ಎದುರಿಸುವ ಅವಕಾಶ, ನಿಯಮ ಹಾಗಿದೆ. ಪರಿಶೀಲನೆಯ ನಂತರ ವಿಸ್ಕಾನ್ಸಿನ್‌ಗೆ ಅದು ಸಿಕ್ಕಿತು. 18.9 ಸೆಕೆಂಡು ಉಳಿದಿದ್ದಾಗ ವಿಸ್ಕಾನ್ಸಿನ್‌ನ ಕರ್ಸ್ಟನ್ ಸಿಮ್ಸ್ ಅದನ್ನು ಗೋಲಾಗಿಸಿ 3-3 ಮಾಡಿದರು. ಓವರ್‌ಟೈಮಿನ (ಸಮವಾದಾಗಿನ ಹೆಚ್ಚುವರಿ ಆಟ) 2 ನಿಮಿಷ 49 ಸೆಕೆಂಡಿಗೆ ಮರಳಿ ಬಂದ ಪಕ್ಕನ್ನು ಒಳಗೆ ತಳ್ಳಿದವರೂ ಅವರೇ. 38 ಗೆಲುವು, 1 ಸೋಲು, 2 ಡ್ರಾಗಳ ಋತು ವಿಸ್ಕಾನ್ಸಿನ್‌ಗೆ ಎಂಟನೇ ಪ್ರಶಸ್ತಿ ಕೊಟ್ಟಿತು. ಇಂಥ ಹೊತ್ತಿಗೆ ಫೋನಿನಲ್ಲಿ ನೇರಪ್ರಸಾರ ತೆರೆದಿಟ್ಟರೆ ಕೆಲವು ಸೆಕೆಂಡು ತಡವಾದರೂ ಕಾರಣ ತಿಳಿಯುತ್ತದೆ.

ಫೈನಲ್ಲಿಗೆ 3,400 ಸೀಟು ಸಾಲದು, ಅದು ಈ ಜಾಗದ ಮೇಲಿನ ನ್ಯಾಯವಾದ ದೂರು. ಆದರೆ ಒಳ್ಳೆಯ ಹಾಕಿ ನೋಡಲು ಫೈನಲ್ಲೇ ಆಗಬೇಕಿಲ್ಲ. ಆತಿಥೇಯ ಮಿನ್ನೆಸೋಟಾ ಆಡುವ ಡಬ್ಲ್ಯೂಸಿಎಚ್ಎ ಲೀಗಿನ ತಂಡಗಳು 2001ರಿಂದ 2025ರವರೆಗಿನ 24 ರಾಷ್ಟ್ರೀಯ ಪ್ರಶಸ್ತಿಗಳಲ್ಲಿ 21 ಗೆದ್ದಿವೆ (2020ರ ಪಂದ್ಯಾವಳಿ ರದ್ದಾಗಿತ್ತು). ಉಳಿದ ಮೂರೂ ಬೇರೆ ಲೀಗಿನ ಕ್ಲಾರ್ಕ್‌ಸನ್ ವಿಶ್ವವಿದ್ಯಾಲಯದ ಪಾಲು. 2013ರಲ್ಲಿ ಮಿನ್ನೆಸೋಟಾ 41 ಪಂದ್ಯ ಆಡಿ 41ನ್ನೂ ಗೆದ್ದ ಋತು ಮುಗಿದದ್ದೂ ಇದೇ ಐಸ್ ಮೇಲೆ, ಬಾಸ್ಟನ್ ಯೂನಿವರ್ಸಿಟಿ ವಿರುದ್ಧ 6-3ರಲ್ಲಿ. ವಿಸ್ಕಾನ್ಸಿನ್ ಅಥವಾ ಓಹಾಯೊ ಸ್ಟೇಟ್ ಬರುವ ವಾರಾಂತ್ಯದ ಲೀಗ್ ಪಂದ್ಯ ಹಿಡಿದರೆ ಅದೇ ಮಟ್ಟದ ಆಟ ಸಿಗುತ್ತದೆ, ಸೀಟು ಆರಿಸಿಕೊಳ್ಳುವ ಅವಕಾಶವೂ ಹೆಚ್ಚು.

ಲೈಟ್ ರೈಲಿನ ಗ್ರೀನ್ ಲೈನ್ ಹಿಡಿದು ಸ್ಟೇಡಿಯಂ ವಿಲೇಜ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಒಳಗೂ ಚಳಿ ಇರುತ್ತದೆ, ಜಾಕೆಟ್ ಕಾರಲ್ಲಿ ಬಿಡಬೇಡಿ. ಲೀಗ್ ಪಂದ್ಯ ಸಮವಾದರೆ ಐದು ನಿಮಿಷದ ಮೂವರ-ಮೂವರ ಓವರ್‌ಟೈಮ್, ಹೆಚ್ಚು ತಡವಾಗದು. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಹಾಗಲ್ಲ: 20 ನಿಮಿಷದ ಪೀರಿಯಡ್‌ಗಳು, ಗೋಲು ಬೀಳುವವರೆಗೆ. 2010ರ ಫೈನಲ್ಲಿನಲ್ಲಿ ಮಿನ್ನೆಸೋಟಾ ಡುಲುತ್ (ಆತಿಥೇಯರಲ್ಲ, ಬೇರೆ ತಂಡ) ಕಾರ್ನೆಲ್ಲನ್ನು ಸೋಲಿಸಿದ್ದು ಇಲ್ಲೇ, ಮೂರನೇ ಓವರ್‌ಟೈಮಿನಲ್ಲಿ. ಹಾಗಾಗಿ ಆ ದಿನಗಳಲ್ಲಿ ವಾಪಸ್ ಹೋಗುವ ಬಸ್ಸನ್ನೋ ವಿಮಾನವನ್ನೋ ಅದೇ ಸಂಜೆಗೆ ಬುಕ್ ಮಾಡಬೇಡಿ.